ಗಾಜಿನ ಮೇಲೆ ಹತ್ತು ಬೆರಳು

ಸುಭದ್ರಕ್ಕ ಪುರಸಭೆಯ ಲ್ಯಾಪ್‌ಟಾಪನ್ನು ತಲೆಯ ಮೇಲೆ ಹೊತ್ತುಕೊಂಡು ವಾರ್ಡ್ ಸಭೆಗೆ ಹೊರಟರೆ ಪೇಟೆಯ ಮಂದಿ ಎರಡೂ ಬದಿಗೆ ಸರಿದು ನಿಲ್ಲುತ್ತಿದ್ದರು. ಸಿಂಬಿಯ ಮೇಲೆ ಕೀಬೋರ್ಡಿನ ಭಾಗ, ಅದರ ಹಿಂದೆ ನೆಟ್ಟಗೆ ನಿಂತ ಪರದೆ, ಎರಡೂ ಕೈ ಅದರ ಅಂಚಿಗೆ. ಮುಂದೆ ಜವಾನ ಫಕ್ಕೀರಪ್ಪ ‘ತೆರದದ, ತೆರದದ’ ಎನ್ನುತ್ತ ದಾರಿ ಬಿಡಿಸುತ್ತಿದ್ದ. ಗಾಳಿ ಜೋರಾದರೆ ಇಬ್ಬರೂ ಯಾವುದಾದರೂ ಅಂಗಡಿಯ ಗೋಡೆಗೆ ಆತು ನಿಂತು, ಗಾಳಿ ಇಳಿದ ಮೇಲೆ ಮುಂದೆ ಹೋಗುತ್ತಿದ್ದರು. ನಮ್ಮೂರಿನಲ್ಲಿ ಕೀಲು ಇರುವ ಯಾವುದನ್ನೇ ಆಗಲಿ ಒಮ್ಮೆ ಮುಚ್ಚಿದರೆ ಮರುದಿನ ಬೆಳಕು ಹರಿಯುವ ತನಕ ಅದು ತೆರೆಯುವುದಿಲ್ಲ. ಹಾರೆ ಹಾಕಿ ಮೀಟಿದರೆ ಮುರಿಯುತ್ತದೆ, ತೆರೆಯುವುದಿಲ್ಲ.

ಹೊರಗಿನಿಂದ ವರ್ಗವಾಗಿ ಬಂದವರಿಗೆ ಇದು ಮೊದಲ ವಾರ ತಮಾಷೆ, ಎರಡನೆಯ ವಾರ ಸಿಟ್ಟು. ನಮಗೆ ಎರಡೂ ಅಲ್ಲ. ಮನೆಗಳಿಗೆ ಬಾಗಿಲ ಬದಲು ದಪ್ಪ ಪರದೆ, ಅಂಗಡಿಗಳಿಗೆ ಸುರುಳಿ ಷಟರು. ಕತ್ತರಿಗೆ ದಿನಕ್ಕೆ ಒಂದೇ ಕಚ್ಚು, ಹಾಗಾಗಿ ದರ್ಜಿಗಳು ಬ್ಲೇಡಿನಲ್ಲೇ ಬಟ್ಟೆ ಕೊಯ್ಯುತ್ತಾರೆ. ವಯಸ್ಸಾದವರು ಕನ್ನಡಕದ ಕಡ್ಡಿ ಮಡಿಸುವುದಿಲ್ಲ, ಮೊಳೆಗೆ ತೂಗುಹಾಕಿ ಮಲಗುತ್ತಾರೆ. ಬಿಚ್ಚಿದ ಕೊಡೆಗಳು ವರ್ಷವಿಡೀ ಜಗುಲಿಯ ತೊಲೆಯಲ್ಲಿ ನೇತಾಡುತ್ತಿರುತ್ತವೆ. ಹಾಸ್ಟೆಲ್ಲಿನಲ್ಲಿ ನಮ್ಮ ಟ್ರಂಕುಗಳು ದಿನವಿಡೀ ಬಾಯಿ ತೆರೆದೇ ಇರುತ್ತಿದ್ದವು. ಕಳ್ಳತನ ಆಗುತ್ತಿತ್ತು, ಆದರೆ ಯಾರ ಟ್ರಂಕಿನಲ್ಲಿ ಏನಿದೆ ಎಂಬುದು ಎಲ್ಲರಿಗೂ ಗೊತ್ತಿದ್ದುದರಿಂದ ಕದ್ದವನು ಸಂಜೆಯೊಳಗೆ ಸಿಗುತ್ತಿದ್ದ. ನಮ್ಮಲ್ಲಿ ಜಗಳ ಕೊನೆಗೆ ಮುಟ್ಟಿದಾಗ ಹಾಕುವ ಶಾಪ ‘ನಿಂದು ಮುಚ್ಚಿಹೋಗ್ಲಿ’ ಎಂಬುದು. ಅದಕ್ಕಿಂತ ಮುಂದೆ ಬೈಗುಳವಿಲ್ಲ.

ನಾನು ಪುರಸಭೆ ಸೇರಿದ್ದು ತೆರಿಗೆ ವಸೂಲಿಯ ದಿನಗಳಲ್ಲಿ, ಹಂಗಾಮಿ ಆಳಾಗಿ. ಪದವಿ ಮುಗಿದಿತ್ತು, ಹಾಸ್ಟೆಲ್ಲು ಬಿಟ್ಟಿರಲಿಲ್ಲ. ವಾರ್ಡನ್ ತಿಂಗಳಿಗೊಮ್ಮೆ ನನ್ನ ಹಾಸಿಗೆಯ ಬಳಿ ನಿಂತು, ಯಾವಾಗ ಹೋಗುತ್ತೀ ಎಂದು ಕೇಳಿ ಹೋಗುತ್ತಿದ್ದರು. ಕಚೇರಿಯಲ್ಲಿ ನನ್ನನ್ನು ಕೂರಿಸಿದ್ದು ಸುಭದ್ರಕ್ಕನ ಪಕ್ಕದಲ್ಲಿ. ಅವರು ಹದಿನೇಳು ವರ್ಷದಿಂದ ಅಲ್ಲಿ ದಿನಗೂಲಿಯ ಮೇಲೆ ಟೈಪ್ ಹೊಡೆಯುತ್ತಿದ್ದರು. ಎಡಗಡೆ ಕರಡು, ಎದುರಿಗೆ ಪರದೆ, ಕಣ್ಣು ಮಾತ್ರ ಕರಡಿನ ಮೇಲೆ. ಹತ್ತು ಬೆರಳೂ ತಮ್ಮ ಪಾಡಿಗೆ ಓಡುತ್ತಿದ್ದವು. ಹೊಡೆಯುತ್ತಲೇ ನೀರಿನ ಪೈಪಿನವನನ್ನು ಗದರಿಸುತ್ತಿದ್ದರು, ಹೊಡೆಯುತ್ತಲೇ ನನ್ನನ್ನು ಬೈಯುತ್ತಿದ್ದರು. ಪುಟ ಮುಗಿದಾಗ ತಿದ್ದುವುದಕ್ಕೆ ಏನೂ ಇರುತ್ತಿರಲಿಲ್ಲ.

ನನಗೆ ಬರುತ್ತಿದ್ದುದು ಫೋನಿನಲ್ಲಿ ಎರಡು ಹೆಬ್ಬೆರಳಿನಿಂದ ಒತ್ತುವುದು. ಕಾಲೇಜಿನ ನೋಟ್ಸುಗಳನ್ನೆಲ್ಲ ಹಾಗೆಯೇ ಬರೆದಿದ್ದೆ, ವೇಗವೂ ಇತ್ತು. ಸುಭದ್ರಕ್ಕ ಅದನ್ನು ಮೊದಲ ಸಲ ನೋಡಿದ ದಿನ ಕೈ ನಿಲ್ಲಿಸಿ, ಇಡೀ ಕಚೇರಿಗೆ ಕೇಳುವ ಹಾಗೆ, “ಇಲ್ಲಿ ನೋಡ್ರಿ, ಯಮನೂರ ಹೇನು ಕುಕ್ಕಲಿಕತ್ತಾನ” ಎಂದರು. ಅಂದಿನಿಂದ ಎಲ್ಲರಿಗೂ ನಾನು ಹೇನು ಕುಕ್ಕುವವನೇ. ಒಳ್ಳೆಯ ಹೆಂಗಸು ಎಂದು ಅವರನ್ನು ಯಾರೂ ಹೇಳುತ್ತಿರಲಿಲ್ಲ. ಅವರಿಗೂ ಅನ್ನಿಸಿಕೊಳ್ಳುವ ಆಸೆ ಇರಲಿಲ್ಲ.

ಅವರಿಗಿದ್ದ ಆಸೆ ಒಂದೇ, ಕಾಯಂ ಹುದ್ದೆ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯ ಅಡಿಗೆ ಕೋಣೆಯಲ್ಲಿ ಮಲಗುತ್ತಿದ್ದರು. ಮನೆಯವರೆಲ್ಲ ಉಂಡು, ತಮ್ಮನ ಹೆಂಡತಿ ಒಲೆ ಸಾರಿಸಿ ಮುಗಿಸುವ ತನಕ ಅವರಿಗೆ ಹಾಸಿಗೆ ಬಿಚ್ಚುವ ಹಾಗಿರಲಿಲ್ಲ. ಕಾಯಂ ಆದವರಿಗೆ ಪುರಸಭೆಯ ವಸತಿಗೃಹದಲ್ಲಿ ಎರಡು ಕೋಣೆ, ಒಂದು ಅಡಿಗೆಮನೆ ಸಿಗುತ್ತಿತ್ತು. ಮಧ್ಯಾಹ್ನ ಬುತ್ತಿ ಉಂಡು ಅವರು ಆ ವಸತಿಗೃಹಗಳ ಕಡೆಯೇ ಅಡ್ಡಾಡಿ ಬರುತ್ತಿದ್ದರು. ಮೂಲೆಯ ಮನೆ ಖಾಲಿ ಬಿದ್ದಿತ್ತು. ಅದರ ಅಡಿಗೆಮನೆಗೆ ಕಿಟಕಿ ಇದೆ ಎಂದು ಒಮ್ಮೆ ತಾವಾಗಿಯೇ ನನಗೆ ಹೇಳಿದರು. ಆ ವರ್ಷ ಟೈಪಿಸ್ಟರ ಒಂದು ಹುದ್ದೆ ಮಂಜೂರಾಗಿತ್ತು. ಪರೀಕ್ಷೆ ಆಗಬೇಕು, ಪರೀಕ್ಷೆಯಲ್ಲಿ ಸುಭದ್ರಕ್ಕನನ್ನು ಮೀರಿಸುವವರು ಊರಿನಲ್ಲಿಲ್ಲ, ಹಾಗಾಗಿ ಹುದ್ದೆ ಅವರದೇ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ಸುಮ್ಮನೆ ಇರಲಿ ಎಂದು ಅರ್ಜಿ ಹಾಕಿದ್ದೆ.

ಅಷ್ಟರಲ್ಲಿ ಹೊಸಮನಿ ಸಾಹೇಬರು ಲ್ಯಾಪ್‌ಟಾಪ್ ಮುಚ್ಚಿದರು. ಸಾಹೇಬರೆಂದರೆ ನಮ್ಮ ಮುಖ್ಯಾಧಿಕಾರಿ. ಬಜೆಟ್ಟಿನ ಸಭೆ ನಡೆದಿತ್ತು, ಸುಭದ್ರಕ್ಕ ಹೊತ್ತು ತಂದಿಟ್ಟ ಲ್ಯಾಪ್‌ಟಾಪ್ ಮೇಜಿನ ಮೇಲಿತ್ತು, ಲೆಕ್ಕವೆಲ್ಲ ಅದರೊಳಗೆ. ಒಬ್ಬ ಸದಸ್ಯ, ಕಸದ ಗಾಡಿಯ ಬಾಬತ್ತಿನಲ್ಲಿ ಸಾಹೇಬರಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದ. ಸಾಹೇಬರು ಸಿಟ್ಟಿನಿಂದ ಕೈ ಬಡಿದರು. ಕೈ ಮೇಜಿನ ಬದಲು ಪರದೆಯ ತಲೆಗೆ ಬಿತ್ತು, ಅದು ಟಪ್ಪನೆ ಮುಚ್ಚಿಕೊಂಡಿತು. ಸಭೆಯನ್ನು ಮರುದಿನಕ್ಕೆ ಮುಂದೂಡಿದರು, ಆ ಒಂದು ರಾತ್ರಿಯಲ್ಲಿ ಎದುರು ಪಕ್ಷದವರು ಮೂವರನ್ನು ಒಡೆದುಕೊಂಡರು, ಬಜೆಟ್ಟು ಬಿದ್ದುಹೋಯಿತು. ಮುಚ್ಚಿದ್ದು ಯಾರು ಎಂಬುದನ್ನು ಊರೇ ನೋಡಿತ್ತು. ಆದರೂ ಸಾಹೇಬರು ಆ ವಾರವೆಲ್ಲ ಹೇಳಿದ್ದು, ಕೀಲಿರುವ ಯಂತ್ರವನ್ನು ನಂಬಿ ಆಡಳಿತ ನಡೆಸಲಾಗದು ಎಂದು.

ಹದಿನೈದು ದಿನದೊಳಗೆ ಹೊರಗಿನ ಊರಿನಿಂದ ಒಬ್ಬ ಮಾರಾಟದವನು ಬಂದ. ಟೈ ಕಟ್ಟಿದ್ದ, ಬೆವರುತ್ತಿದ್ದ. ಚೀಲದಿಂದ ಟ್ಯಾಬ್ಲೆಟ್ ತೆಗೆದು ಸಾಹೇಬರ ಮೇಜಿನ ಮೇಲಿಟ್ಟ. ಅದರ ಮುಖಕ್ಕೆ ಒಂದು ಬಟ್ಟೆಯ ಹೊದಿಕೆ ಇತ್ತು. ಅವನು ಬೇರೇನನ್ನೋ ವಿವರಿಸುತ್ತ, ಯೋಚನೆಯೇ ಇಲ್ಲದೆ, ಹೊದಿಕೆ ಮುಚ್ಚಿದ. ನಮ್ಮಲ್ಲಿ ಯಾರೋ ಅಯ್ಯೋ ಎಂದರು. ಅವನು ಹೊದಿಕೆ ಎತ್ತಿದ. ಪರದೆ ಹೊತ್ತಿಕೊಂಡಿತು.

ಬಟ್ಟೆಗೆ ಕೀಲಿಲ್ಲವಲ್ಲ. ಅಷ್ಟೇ ವಿಷಯ. ಆದರೆ ಆ ಕೋಣೆಯಲ್ಲಿದ್ದ ಯಾರೂ, ನಾನೂ ಸೇರಿ, ಕೆಲಸದ ಯಂತ್ರವೊಂದು ಮುಚ್ಚಿದ ಕೂಡಲೇ ತೆರೆದದ್ದನ್ನು ಹುಟ್ಟಿದ ಮೇಲೆ ನೋಡಿರಲಿಲ್ಲ. ಫಕ್ಕೀರಪ್ಪ ಬಾಗಿಲಿನ ಪರದೆ ಸರಿಸಿ ಒಳಗೆ ಬಂದು, “ಇನ್ನೊಮ್ಮೆ ಮುಚ್ಚ್ರಿ, ನೋಡೋಣು” ಎಂದ. ಮಾರಾಟದವನು ಮುಚ್ಚಿದ, ತೆರೆದ. ತಾನೂ ಮುಚ್ಚಲೇ ಎಂದು ಫಕ್ಕೀರಪ್ಪ ಕೇಳಿದ. ಕೈ ಅಂಗಿಗೆ ಒರಸಿಕೊಂಡು ಮುಚ್ಚಿದ. ಕಣ್ಣಲ್ಲಿ ನೀರು ಬಂದಿತ್ತು, ಸುಳ್ಳಲ್ಲ. ಆಮೇಲೆ ಸದಸ್ಯರು, ಗುಮಾಸ್ತರು, ಹೊರಗೆ ಜನನ ಪತ್ರಕ್ಕೆ ನಿಂತಿದ್ದ ಬಾಣಂತಿಯರ ತಾಯಂದಿರು, ಎಲ್ಲರೂ ಸರದಿಯ ಮೇಲೆ ಬಂದು ಮುಚ್ಚಿ ತೆರೆದರು. ಅಂದು ಮಧ್ಯಾಹ್ನದ ತನಕ ಪುರಸಭೆಯಲ್ಲಿ ಬೇರೆ ಕೆಲಸ ನಡೆಯಲಿಲ್ಲ.

ಸುಭದ್ರಕ್ಕ ಮಾತ್ರ ಸರದಿಗೆ ನಿಲ್ಲಲಿಲ್ಲ. ಎಲ್ಲ ಮುಗಿದ ಮೇಲೆ ಬಂದು, ಇದರಲ್ಲಿ ಎರಡು ಹಾಳೆಯನ್ನು ಅಕ್ಕಪಕ್ಕ ಇಟ್ಟುಕೊಂಡು ಕೆಲಸ ಮಾಡಲು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದು ಮಾರಾಟದವನು ತೋರಿಸಿದ. ಅಕ್ಷರಗಳು ಇರುವೆಯಷ್ಟಾದವು. ಹೊಡೆಯುವುದು ಎಲ್ಲಿ ಎಂದರು. ಅವನು ಗಾಜನ್ನು ಮುಟ್ಟಿದ, ಕೆಳಗಿನ ಅರ್ಧದಲ್ಲಿ ಕೀಗಳ ಚಿತ್ರ ಎದ್ದು ನಿಂತಿತು, ಮೇಲೆ ಉಳಿದ ಜಾಗದಲ್ಲಿ ನಾಲ್ಕು ಸಾಲು ಕಂಡವು. ಬೇರೆ ಕೀಬೋರ್ಡು ಸಿಗುತ್ತದೆ, ಕೆಳಗೆ ಸಿಕ್ಕಿಸಿ ಬೇಕಾದಾಗ ಮಡಿಚಬಹುದು ಎಂದು ಅವನು ಪಾಪ ಹೇಳಿಯೇ ಹೇಳಿದ. ಸಾಹೇಬರು ತಡೆದರು.

“ಮಡಚತದ ಅಂದ್ರ ಕೀಲು ಬಂತು. ಕೀಲು ಬಂತಂದ್ರ ಮತ್ತ ಅದೂ ಲ್ಯಾಪ್‌ಟಾಪೇ ಆತು. ಬ್ಯಾಡ.”

ಸ್ಟೋರಿನಲ್ಲಿ ವೈರಿನ ಹಳೆಯ ಕೀಬೋರ್ಡು ಬಿದ್ದಿದೆ, ಅದನ್ನಾದರೂ ಜೋಡಿಸಿಕೊಳ್ಳಬಹುದೇ ಎಂದರು ಸುಭದ್ರಕ್ಕ. ಇದರ ತೂತಿಗೆ ಆ ವೈರು ಕೂಡುವುದಿಲ್ಲ ಎಂದ ಮಾರಾಟದವನು. ಅಲ್ಲಿಗೆ ಮುಗಿಯಿತು. ದಿನನಿತ್ಯದ ಕೆಲಸಕ್ಕೆ ಇದು ಲ್ಯಾಪ್‌ಟಾಪಿನ ಬದಲಿಗೆ ಸಾಕೇ ಎಂದು ಆ ಕೋಣೆಯಲ್ಲಿ ಕೇಳಿದ್ದು ಅವರೊಬ್ಬರೇ. ಉಳಿದವರಿಗೆ ಇದ್ದ ಪ್ರಶ್ನೆ, ಮುಚ್ಚಿದರೆ ತೆರೆಯುತ್ತದೆಯೇ ಎಂಬುದು. ತೆರೆಯುತ್ತಿತ್ತು.

ಟ್ಯಾಬ್ಲೆಟ್‌ಗಳು ಬಂದವು, ಲ್ಯಾಪ್‌ಟಾಪ್‌ಗಳನ್ನು ಹರಾಜಿಗೆ ಎಂದು ಹಳೆಯ ಕಡತಗಳ ಕೋಣೆಗೆ ಸಾಗಿಸಿದರು. ಟೈಪಿಸ್ಟ್ ಹುದ್ದೆಯ ಹೆಸರನ್ನು ಟ್ಯಾಬ್ಲೆಟ್ ಸಹಾಯಕ ಎಂದು ತಿದ್ದಿ, ಪರೀಕ್ಷೆಯೂ ಅದರ ಮೇಲೆಯೇ ಎಂದು ಬೋರ್ಡಿಗೆ ಹಚ್ಚಿದರು. ಸುಭದ್ರಕ್ಕ ಅದನ್ನು ಓದಿದರು. ಅಂದಿನಿಂದ ದಿನಾ ಬುತ್ತಿ ಉಂಡ ಮೇಲೆ ವಸತಿಗೃಹದ ಕಡೆ ಅಡ್ಡಾಡುವುದು ಬಿಟ್ಟು, ಒಂದು ಟ್ಯಾಬ್ಲೆಟ್ ಎದುರು ಕೂತು ಅಭ್ಯಾಸ ಮಾಡತೊಡಗಿದರು. ನನ್ನನ್ನೇ ಕೇಳಬಹುದಿತ್ತು, ಕೇಳಲಿಲ್ಲ. ಕೇಳಿದ್ದರೆ ನಾನು ಹೇಳಿಕೊಡುತ್ತಿದ್ದೆನೋ ಇಲ್ಲವೋ, ನನಗೂ ಗೊತ್ತಿಲ್ಲ. ವಾರ್ಡನ್ ಆ ತಿಂಗಳು ಎರಡು ಸಲ ಬಂದು ನಿಂತಿದ್ದರು.

ಪರೀಕ್ಷೆಗೆ ನಾಲ್ವರು ಕೂತಿದ್ದೆವು. ಕೊಟ್ಟ ಪುಟ ನೋಡಿ ಹೊಡೆಯಬೇಕು. ಸುಭದ್ರಕ್ಕ ಎಂದಿನಂತೆ ಬೆನ್ನು ನೆಟ್ಟಗೆ ಮಾಡಿ, ಕಣ್ಣನ್ನು ಪುಟದ ಮೇಲಿಟ್ಟು, ಹತ್ತು ಬೆರಳನ್ನೂ ತಮ್ಮ ತಮ್ಮ ಜಾಗಕ್ಕೆ ಇಳಿಸಿದರು. ಟೈಪ್ ಕಲಿತವರು ಹೊಡೆಯುವ ಮುಂಚೆ ಬೆರಳನ್ನು ಕೀಗಳ ಮೇಲೆ ಇಟ್ಟುಕೊಳ್ಳುತ್ತಾರೆ, ಅಲ್ಲಿಂದಲೇ ಅವರಿಗೆ ಎಲ್ಲ ದಿಕ್ಕು ಗೊತ್ತಾಗುವುದು. ಗಾಜಿಗೆ ಇಟ್ಟದ್ದೂ ಒಂದೇ, ಒತ್ತಿದ್ದೂ ಒಂದೇ. ಪರದೆಯ ತುಂಬ ಅರ್ಥವಿಲ್ಲದ ಅಕ್ಷರಗಳು ಸುರಿದವು. ಅವರು ಕೈ ಎತ್ತಿ, ಅಳಿಸಿ, ಬೆರಳುಗಳನ್ನು ಗಾಳಿಯಲ್ಲಿ ಹಿಡಿದು ಹೊಡೆಯಲು ನೋಡಿದರು. ಹಾಗೆ ಎಷ್ಟು ಹೊತ್ತು ಹಿಡಿಯಲಾಗುತ್ತದೆ. ತೋಳು ನಡುಗಲು ಶುರುವಾಯಿತು. ಕೀ ಎಲ್ಲಿದೆ ಎಂದು ಬೆರಳಿಗೆ ತಿಳಿಯದ್ದಕ್ಕೆ ಕಣ್ಣು ಕೆಳಗೆ ಇಳಿಸಬೇಕಾಯಿತು, ಇಳಿಸಿದಾಗ ಪುಟದ ಸಾಲು ತಪ್ಪಿತು, ಸಾಲು ಹುಡುಕಿ ಬರುವಷ್ಟರಲ್ಲಿ ಬೆರಳು ಎಲ್ಲೋ ಸವರಿ ಮತ್ತೆರಡು ಅಕ್ಷರ ಬಿದ್ದಿದ್ದವು. ನಾನು ಒಂದೊಂದೇ ವಾಕ್ಯ ಬಾಯಿಪಾಠ ಮಾಡಿಕೊಂಡು ಹೆಬ್ಬೆರಳಿನಿಂದ ಒತ್ತುತ್ತ ಹೋದೆ. ಅರ್ಧ ಪದಗಳನ್ನು ಯಂತ್ರವೇ ಮುಂದಾಗಿ ತೋರಿಸುತ್ತಿತ್ತು.

ನಾನು ಮೊದಲು ಬಂದೆ. ಸುಭದ್ರಕ್ಕ ಮೂರನೆಯವರು. ನಾಲ್ಕನೆಯವನಿಗೆ ಜ್ವರ ಬಂದಿತ್ತು.

ಫಲಿತಾಂಶ ಹಚ್ಚಿದ ದಿನ ಕಚೇರಿಯಲ್ಲಿ ಎಲ್ಲರೂ ನನ್ನ ಮುಖ ತಪ್ಪಿಸುತ್ತಿದ್ದರು. ಸುಭದ್ರಕ್ಕ ತಪ್ಪಿಸಲಿಲ್ಲ. ನೇರ ನನ್ನ ಮೇಜಿನ ಹತ್ತಿರ ಬಂದು, “ಪೇಡೆ ಎಲ್ಲೋ? ಕಾಯಂ ಆದಾಂವ ಪೇಡೆ ಹಂಚಬೇಕು, ಹಂಚು” ಎಂದರು. ನಾನು ಓಡಿ ಹೋಗಿ ತಂದೆ. ಅವರು ಎರಡು ತೆಗೆದುಕೊಂಡರು. ಒಂದನ್ನು ಅಲ್ಲಿಯೇ ತಿಂದರು, ಇನ್ನೊಂದನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. “ಇದು ನಮ್ಮ ತಮ್ಮನ ಹೇಣ್ತಿಗೆ. ಇನ್ನ ಮ್ಯಾಲೆ ಕಾಯಂ ಅಲ್ಲೇ ಬಿದ್ದಿರಾಕಿ ಅಂತ ಆಕಿಗೆ ಬಾಯಿ ಸಿಹಿ ಮಾಡೇ ಹೇಳಬೇಕಲ್ಲ.” ಲ್ಯಾಪ್‌ಟಾಪ್ ಇಲ್ಲದ ಮೇಲೆ ಅದರ ದಿನಗೂಲಿಯೂ ಇಲ್ಲ ಎಂದು ಸಾಹೇಬರು ಅಂದೇ ಅವರನ್ನು ಬಿಡಿಸಿದ್ದರು.

ವಸತಿಗೃಹದ ಮೂಲೆಯ ಮನೆ ನನ್ನದಾಯಿತು. ಅಡಿಗೆಮನೆಗೆ ನಿಜವಾಗಿಯೂ ಕಿಟಕಿ ಇತ್ತು. ನಾನು ಖಾನಾವಳಿಯಲ್ಲಿ ಉಣ್ಣುತ್ತಿದ್ದೆ, ಅಡಿಗೆಮನೆಯಲ್ಲಿ ಸೈಕಲ್ ನಿಲ್ಲಿಸುತ್ತಿದ್ದೆ.

ಟ್ಯಾಬ್ಲೆಟ್ಟಿನ ವಿಷಯದಲ್ಲಿ ನಾನು ಸುಳ್ಳು ಹೇಳುವುದಿಲ್ಲ. ಗಟಾರದ ಚಿತ್ರ ತೆಗೆಯಲು ಅದಕ್ಕಿಂತ ಒಳ್ಳೆಯದಿಲ್ಲ. ಬೆಳಗ್ಗೆ ಚಾರ್ಜು ಮಾಡಿದರೆ ಸಂಜೆಯ ತನಕ ಬರುತ್ತದೆ, ಕಂಕುಳಲ್ಲಿ ಇಟ್ಟುಕೊಂಡು ಎಲ್ಲ ವಾರ್ಡು ಸುತ್ತಬಹುದು, ನಕ್ಷೆಯನ್ನು ಬೆರಳಿನಿಂದ ಹಿಗ್ಗಿಸಿ ಇದು ನಿನ್ನ ಹದ್ದು, ಇದು ಅವನದು ಎಂದು ಜಗಳ ಬಿಡಿಸಬಹುದು. ಉದ್ದುದ್ದ ಸುತ್ತೋಲೆಗಳನ್ನು ಮಲಗಿಕೊಂಡು ಓದಬಹುದು. ಸಾಹೇಬರ ಕೆಲಸವೆಲ್ಲ ಇಂಥದ್ದೇ, ನೋಡುವುದು ಮತ್ತು ಹೂಂ ಎನ್ನುವುದು. ಸದಸ್ಯರದೂ ಅಷ್ಟೇ. ಹಾಗಾಗಿ ಲ್ಯಾಪ್‌ಟಾಪಿನ ಕಾಲ ಮುಗಿಯಿತು ಎಂದು ಅವರು ಪ್ರಾಮಾಣಿಕವಾಗಿಯೇ ನಂಬಿದ್ದರು. ನೋಡಲು ಬೇಕಾದದ್ದನ್ನು ಯಾರೋ ಒಬ್ಬರು ಮೊದಲು ಮಾಡಿರಬೇಕು ಎಂಬುದು ಅವರ ಲೆಕ್ಕಕ್ಕೆ ಬರಲಿಲ್ಲ.

ಮಾಡಬೇಕಾದವನು ನಾನು. ಮೊದಲ ತಿಂಗಳೇ ನೀರಿನ ತೆರಿಗೆಯ ನೋಟೀಸು ಬಂತು. ಕಳೆದ ವರ್ಷದ ಪಟ್ಟಿ ನೋಡಿ ಈ ವರ್ಷದ್ದನ್ನು ಕಟ್ಟಬೇಕು. ಹಳೆಯದನ್ನು ತೆರೆದರೆ ಹೊಸದು ಮರೆಯಾಗುತ್ತಿತ್ತು, ಎರಡನ್ನೂ ಅಕ್ಕಪಕ್ಕ ಇಟ್ಟರೆ ಕೀಗಳ ಚಿತ್ರ ಎದ್ದು ಎರಡನ್ನೂ ನುಂಗುತ್ತಿತ್ತು. ಪಟ್ಟಿಯ ಒಂದು ಮನೆಯನ್ನು ಮುಟ್ಟಿದರೆ ಪಕ್ಕದ ಮನೆಯವರ ಬಾಕಿ ಅಳಿಸಿಹೋಗುತ್ತಿತ್ತು. ನನ್ನ ಬೆರಳು ಆ ಚೌಕಗಳಿಗಿಂತ ದಪ್ಪ. ಉಳಿಸಿದ ಕಡತ ಎಲ್ಲಿ ಹೋಯಿತೆಂದು ಅರ್ಧ ದಿನ ಹುಡುಕಿ, ಸಿಕ್ಕ ಮೇಲೆ ಮುದ್ರಣಕ್ಕೆ ಕಳಿಸಿದರೆ ಅಂಚುಗಳು ಕತ್ತರಿಸಿ ಬರುತ್ತಿದ್ದವು. ನಾಲ್ಕು ಸಾಲಿನ ಪತ್ರಕ್ಕೆ ನನ್ನ ಹೆಬ್ಬೆರಳು ಸಾಕು. ನಲವತ್ತು ಪುಟದ ನಡವಳಿಗೆ ಕತ್ತು, ಮಣಿಕಟ್ಟು, ಕಣ್ಣು ಮೂರೂ ಸೋತವು. ತೆರಿಗೆಯ ನೋಟೀಸು ಹೋಗದೆ ವಸೂಲಿ ನಿಂತಿತು, ಸಾಹೇಬರಿಗೆ ಮೇಲಿನಿಂದ ಫೋನ್ ಬರಲು ಶುರುವಾಯಿತು.

ಸಾಹೇಬರು ನನ್ನನ್ನು ಒಳಗೆ ಕರೆದು ಮೆಲ್ಲಗೆ ಮಾತಾಡಿದರು. ಹರಾಜಿಗೆಂದು ಇಟ್ಟ ಲ್ಯಾಪ್‌ಟಾಪುಗಳಲ್ಲಿ ಒಂದನ್ನು ಕಡತದ ಕೋಣೆಯಲ್ಲೇ ಉಳಿಸೋಣ, ಸುಭದ್ರಾಬಾಯಿಯನ್ನು ಕರೆಸು ಎಂದರು. ಟೈಪಿನ ದಿನಗೂಲಿ ಎಂದು ತೋರಿಸಲು ಬರುವುದಿಲ್ಲ, ಯಾಕೆಂದರೆ ನಾವು ಲ್ಯಾಪ್‌ಟಾಪ್ ಇಲ್ಲದ ಪುರಸಭೆ ಎಂದು ಬರೆದುಕೊಟ್ಟಾಗಿದೆ, ಹಾಗಾಗಿ ತೋಟದ ಕೂಲಿ ಎಂದು ಹಾಕೋಣ. ಇನ್ನೊಂದು ಹುದ್ದೆ ಮಂಜೂರಾದ ದಿನ ಅದು ಅವರಿಗೇ, ಇದು ನನ್ನ ಮಾತು ಎಂದು ಹೇಳು ಎಂದರು.

ನಾನು ತಮ್ಮನ ಮನೆಗೆ ಹೋದೆ. ಸುಭದ್ರಕ್ಕ ಅಡಿಗೆ ಕೋಣೆಯ ನೆಲಕ್ಕೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ತಮ್ಮನ ಹೆಂಡತಿ ನನಗೆ ಚಹಾ ಕೊಡಲೋ ಬೇಡವೋ ಎಂದು ನೋಡುತ್ತಿದ್ದಳು. ನಾನು ಬಂದ ವಿಷಯ ಹೇಳಿದೆ. ಹುದ್ದೆಯ ಮಾತು ಬಂದಾಗ ಅವರ ಕೈ ಮೊರದ ಮೇಲೆ ಒಂದು ಗಳಿಗೆ ನಿಂತಿತು. ತೋಟದ ಕೂಲಿ ಎಂದಾಗ ಮುಖ ಎತ್ತಿದರು.

“ನಮ್ಮ ಆಫೀಸಿಗೆ ತೋಟ ಎಲ್ಲದನೋ?”

“ಇಲ್ಲಕ್ಕ. ಬರೇ ಲೆಕ್ಕಕ್ಕ.”

“ಏನ್ ಬೆಳೀಲಿ ಅಂತ ಕೇಳಿಕೊಂಡು ಬಂದೀ ಏನು?” ಎಂದು ನಕ್ಕರು. ಆ ನಗುವಿನಲ್ಲಿ ನಗು ಇರಲಿಲ್ಲ. ಮೊರ ಬದಿಗಿಟ್ಟು ಕೇಳಿದರು, “ಮಾತು ಅವರೇ ಕೊಟ್ಟಾರ? ನೀ ಸೇರಿಸಿ ಹೇಳಲಿಕತ್ತಿಲ್ಲಲ್ಲ?” ಅವರೇ ಕೊಟ್ಟಿದ್ದಾರೆ ಎಂದೆ. ಮರುದಿನ ಬೆಳಗ್ಗೆ ಬಂದರು.

ಕಡತದ ಕೋಣೆಯಲ್ಲಿ, ಬಾಗಿಲಿನ ಪರದೆಯ ಹಿಂದೆ ಅವರ ಮೇಜು. ನಾನು ಕರಡು ಒಯ್ದು ಕೊಡುವುದು, ಅವರು ಹೊಡೆಯುವುದು, ಟೈಪಿಸಿದವರು ಎಂಬಲ್ಲಿ ನಾನು ಸಹಿ ಹಾಕುವುದು. ತೆರಿಗೆಯ ನೋಟೀಸು ವಾರದಲ್ಲಿ ಹೊರಬಿತ್ತು. ಸಭೆಯಲ್ಲಿ ಸಾಹೇಬರು ಟ್ಯಾಬ್ಲೆಟ್ಟನ್ನು ಎತ್ತಿ ತೋರಿಸಿ, ನೋಡಿ, ಎಲ್ಲ ಇದರಲ್ಲೇ ಆಗಿದೆ ಎಂದರು. ನಾನು ತಲೆಯಾಡಿಸಿದೆ. ಮೊದಮೊದಲು ನಾನು ಕರಡು ಇಟ್ಟಾಗ ಸುಭದ್ರಕ್ಕ ಹೆಬ್ಬೆರಳು ಹೇಗಿದೆ ಎಂದು ವಿಚಾರಿಸುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟರು. ಇನ್ನೊಂದು ಹುದ್ದೆಯ ಸುದ್ದಿ ಏನಾದರೂ ಇದೆಯೇ ಎಂದಷ್ಟೇ ಕೇಳುತ್ತಿದ್ದರು. ಮೇಲೆ ಕಳಿಸಿದೆಯಂತೆ ಎಂದು ನಾನು ಹೇಳುತ್ತಿದ್ದೆ. ಸಾಹೇಬರು ನನಗೆ ಹೇಳಿದ್ದೂ ಅದನ್ನೇ. ಅಂಥ ಪತ್ರವನ್ನು ಮಾತ್ರ ಸುಭದ್ರಕ್ಕನ ಕೈಯಲ್ಲಿ ಎಂದೂ ಹೊಡೆಸಿರಲಿಲ್ಲ. ಅವರಿಗೆ ಅದು ಗೊತ್ತಿರಲೇಬೇಕು, ಕಚೇರಿಯ ಪ್ರತಿ ಪತ್ರವೂ ಅವರೇ ಹೊಡೆಯುತ್ತಿದ್ದುದಲ್ಲವೇ. ಆದರೂ ಕೇಳುತ್ತಿದ್ದರು.

ಲ್ಯಾಪ್‌ಟಾಪ್ ಇಲ್ಲದ ಕಚೇರಿ ಎಂಬ ಹೆಸರು ಸುತ್ತಲ ಊರುಗಳಿಗೆ ಹಬ್ಬಿತು. ಅಲ್ಲಿನ ಅಧಿಕಾರಿಗಳು ಜೀಪಿನಲ್ಲಿ ನೋಡಲು ಬರುತ್ತಿದ್ದರು. ಅವರು ಇರುವಷ್ಟು ಹೊತ್ತು ಕೀಗಳ ಸದ್ದು ಕೇಳಬಾರದು. ಫಕ್ಕೀರಪ್ಪ ಬಂದು ಪರದೆಯನ್ನು ಎರಡು ಸಲ ಜಗ್ಗಿ ಹೋಗುತ್ತಿದ್ದ, ಸುಭದ್ರಕ್ಕ ಕೈ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಒಂದು ಸಲ ಇಡೀ ಮಧ್ಯಾಹ್ನ ಹಾಗೆ ಕೂತಿದ್ದರು. ಬಂದವರಿಗೆ ನಾನು ಹೆಬ್ಬೆರಳಿನಿಂದ ನಾಲ್ಕು ಸಾಲು ಒತ್ತಿ ತೋರಿಸಿದೆ, ಹೊದಿಕೆ ಮುಚ್ಚಿ ತೆರೆದು ತೋರಿಸಿದೆ, ಅವರು ಚಪ್ಪಾಳೆ ತಟ್ಟಿದರು. ಉತ್ತಮ ಆಡಳಿತದ ಬಹುಮಾನಕ್ಕೆ ಸಾಹೇಬರು ಅರ್ಜಿ ಹಾಕಿದಾಗ ಅದಕ್ಕೆ ಹದಿನಾರು ಅನುಬಂಧಗಳಿದ್ದವು, ಎಲ್ಲವೂ ಅಡ್ಡ ಪಟ್ಟಿಗಳು. ಟ್ಯಾಬ್ಲೆಟ್ಟಿನಿಂದ ಕಚೇರಿಯ ಕೆಲಸ ಎಷ್ಟು ಸುಲಭವಾಗಿದೆ ಎಂದು ತೋರಿಸುವ ಪಟ್ಟಿಗಳು. ಸುಭದ್ರಕ್ಕ ಎರಡು ದಿನ ಕೂತು ಹೊಡೆದುಕೊಟ್ಟರು. ಬಹುಮಾನ ಬಂತು. ಗಾಜಿನ ಪೆಟ್ಟಿಗೆಯಲ್ಲಿಟ್ಟ ಫಲಕ, ಅದನ್ನು ಸಾಹೇಬರ ತಲೆಯ ಹಿಂದೆ ತೂಗುಹಾಕಿದರು.

ಬಹುಮಾನ ಬಂದದ್ದರಿಂದಲೇ ಲೆಕ್ಕ ತಪಾಸಣೆಯವರೂ ಬಂದರು. ಹೆಸರಾದ ಕಚೇರಿಯನ್ನು ಹೇಗಿದೆ ನೋಡೋಣ ಎಂದು ಬಂದವರು, ಅವರಲ್ಲಿ ಒಬ್ಬ ಕನ್ನಡಕದವನು ಊಟದ ನಂತರ ಕಟ್ಟಡವನ್ನು ಒಂದು ಸುತ್ತು ಹಾಕಿ ಬಂದ. ಬಂದು ಕೇಳಿದ್ದು ಒಂದೇ ಮಾತು, ತೋಟ ಎಲ್ಲಿದೆ ಎಂದು. ಸಾಹೇಬರು ಕುಂಡ ತೋರಿಸಿದರು. ಒಂದು ತುಳಸಿ, ಒಂದು ಒಣಗಿದ ಗುಲಾಬಿ. ಅದಕ್ಕೆ ವರ್ಷವಿಡೀ ಒಬ್ಬ ಆಳೇ ಎಂದು ಅವನು ಬರೆದುಕೊಂಡ. ಪರದೆಯ ಹಿಂದೆ ಸುಭದ್ರಕ್ಕ ತೊಡೆಯ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದರು. ಒಂದು ಹೆಜ್ಜೆ ಹೊರಗೆ ಬಂದು ತಾವು ಮಾಡುವುದು ಟೈಪಿನ ಕೆಲಸ ಎನ್ನಬಹುದಿತ್ತು. ಅಂದಿದ್ದರೆ ಸಾಹೇಬರು ಹೋಗುತ್ತಿದ್ದರು, ಅವರ ಜೊತೆ ಆ ಹುದ್ದೆಯ ಮಾತೂ ಹೋಗುತ್ತಿತ್ತು. ಅವರು ಮಾತನ್ನು ನಂಬಿ ಕೂತರು. ನಾನು ನನ್ನ ಕೆಲಸ ನಂಬಿ ಕೂತೆ.

ನಾಲ್ಕನೆಯ ದಿನ ಬೆಳಗ್ಗೆ ಸಾಹೇಬರು ಒಂದು ಕರಡನ್ನು ತಾವೇ ಕೈಯಾರೆ ಬರೆದು ನನ್ನ ಕೈಗೆ ಕೊಟ್ಟರು. ಟ್ಯಾಬ್ಲೆಟ್ಟಿನಲ್ಲಿ ನೀನೇ ಮಾಡು, ಒಳಗೆ ಕೊಡಬೇಡ ಎಂದರು. ಅದು ಆದೇಶ, ಅದರ ಕೆಳಗೆ ವಿಲೇವಾರಿಯ ಪಟ್ಟಿ, ಪಕ್ಕದಲ್ಲಿ ಖರ್ಚಿನ ಬಾಬತ್ತುಗಳ ಕೋಷ್ಟಕ. ನಾನು ಕೂತೆ. ಕೋಷ್ಟಕ ಎಡಕ್ಕೆ ಸರಿಸಿದರೆ ಆದೇಶ ಕೆಳಗೆ ಜಾರುತ್ತಿತ್ತು. ಮೂರು ಸಲ ಮುದ್ರಿಸಿದೆ, ಮೂರು ಸಲವೂ ಅಂಚು ಕತ್ತರಿಸಿತ್ತು. ಹನ್ನೆರಡರ ಬಸ್ಸಿಗೆ ಟಪಾಲು ಹೋಗಬೇಕಿತ್ತು. ಸಾಹೇಬರು ಎರಡು ಸಲ ಹೊರಗೆ ಬಂದು ನೋಡಿ, ಕೊನೆಗೆ ಕಡತದ ಕೋಣೆಯ ಕಡೆ ಕೈ ಮಾಡಿ ಒಳಗೆ ಹೋದರು.

ಸುಭದ್ರಕ್ಕ ಕರಡನ್ನು ಎಡಗಡೆ ಇಟ್ಟುಕೊಂಡು, ಬೆರಳುಗಳನ್ನು ಜಾಗಕ್ಕೆ ಇಳಿಸಿ, ಹೊಡೆಯಲು ಶುರು ಮಾಡಿದರು. ಅವರು ಮುಂಚೆ ಓದಿಕೊಳ್ಳುವವರಲ್ಲ, ಹೊಡೆಯುತ್ತಲೇ ಓದುವವರು. ಕಚೇರಿಗೆ ತೋಟವಿಲ್ಲದಿರುವುದರಿಂದ ತೋಟದ ಕೂಲಿಯನ್ನು ನಾಳೆಯಿಂದ ಕೈಬಿಡಲಾಗಿದೆ ಎಂಬ ಸಾಲಿಗೆ ಬಂದಾಗ ಕೀಗಳ ಸದ್ದು ನಿಲ್ಲುತ್ತದೆ ಎಂದು ನಾನು ಕಾದು ನಿಂತಿದ್ದೆ. ನಿಲ್ಲಲಿಲ್ಲ. ಸ್ವಲ್ಪ ನಿಧಾನ ಕೂಡ ಆಗಲಿಲ್ಲ. ಕೋಷ್ಟಕದ ಗೆರೆಗಳನ್ನು ಕಟ್ಟಿ, ಮುದ್ರಿಸಿ, ಹಾಳೆಯನ್ನು ನನ್ನ ಕಡೆ ಚಾಚಿದರು.

“ತಪ್ಪೇನರ ಅದಾವೇನು ನೋಡು.”

ನೋಡಿದೆ. ಬೇಕೆಂದೇ ಎರಡು ಸಲ ಓದಿದೆ, ಒಂದು ತಪ್ಪಾದರೂ ಸಿಗಲಿ ಎಂದು. ಅಕ್ಷರದಲ್ಲಿರಲಿಲ್ಲ, ಲೆಕ್ಕದಲ್ಲಿರಲಿಲ್ಲ. “ಸಾಹೇಬ್ರನ್ನ ಇನ್ನೊಮ್ಮೆ ಕೇಳ್ತೇನಿ ಅಕ್ಕ. ಇದರಾಗ ಬರದದ್ದು ಖರೇ ಅಲ್ಲ” ಎಂದೆ.

“ಯಾವುದು ಖರೇ ಅಲ್ಲ? ತೋಟ ಅದ ಏನು?”

ನಾನು ಹಾಳೆಯನ್ನು ಮೂರನೆಯ ಸಲ ಎತ್ತಿ ಹಿಡಿದೆ.

“ಸಹಿ ಮಾಡೋ. ಬಸ್ಸು ಹೋಗ್ತದ.”

ಟೈಪಿಸಿದವರು ಎಂಬಲ್ಲಿ ಸಹಿ ಹಾಕಿ ಫಕ್ಕೀರಪ್ಪನ ಕೈಗೆ ಕೊಟ್ಟೆ. ಮರಳಿ ಬಂದಾಗ ಅವರು ಮುಂದಿನ ಕರಡನ್ನು ಎಡಗಡೆ ಇಟ್ಟುಕೊಂಡಿದ್ದರು. ಮನೆಗೆ ಹೋಗಬಹುದಲ್ಲ ಅಕ್ಕ ಎಂದೆ. ಆದೇಶ ನಾಳೆಯಿಂದ, ಇವತ್ತಿನ ಕೂಲಿ ಇವತ್ತಿನದು ಎಂದರು, ಕಣ್ಣು ಕರಡಿನಿಂದ ಎತ್ತದೆ. ಅದು ಬೀದಿ ದೀಪಗಳ ದುರಸ್ತಿಯ ಪಟ್ಟಿ. ಅದಾದ ಮೇಲೆ ನಾಯಿಗಳ ಲಸಿಕೆಯದು, ಅದಾದ ಮೇಲೆ ಸ್ಮಶಾನದ ಕಾಂಪೌಂಡಿನದು. ಕಚೇರಿ ಬಿಡುವ ಹೊತ್ತಿನ ತನಕ ಹೊಡೆದರು. ಒಂದೊಂದೇ ಹಾಳೆ ಬರುತ್ತಿತ್ತು, ಯಾವುದರಲ್ಲೂ ತಪ್ಪಿರಲಿಲ್ಲ, ನಾನು ಸಹಿ ಹಾಕುತ್ತ ಹೋದೆ.